ಕಣ್ಣಿಗೆ ಬಿದ್ದದ್ದು

ಚೆನ್ನು ಮೊದಲು ಹೆಸರು ಕೇಳುತ್ತಾಳೆ. ಬಂದವರ ಹೆಸರಲ್ಲ, ಕಣ್ಣಿಗೆ ಬಿದ್ದದ್ದರ ಹೆಸರು.

ನೆಟ್ಟಣದ ರೈಲು ನಿಲ್ದಾಣದ ಹಿಂದೆ, ಗುಡ್ಡೆಯ ಬದಿಯಲ್ಲಿ ಅವಳ ಮನೆ. ಘಾಟಿ ನೋಡಲು ರೈಲಿನ ಬಾಗಿಲಲ್ಲಿ ನಿಂತವರು, ಮರದ ಮಿಲ್ಲಿನವರು, ಕೋರೆಯಲ್ಲಿ ಕಲ್ಲು ಕಡಿಯುವವರು ಒಂದು ಕಣ್ಣನ್ನು ಅಂಗೈಯಲ್ಲಿ ಮುಚ್ಚಿಕೊಂಡು ಅವಳ ಅಂಗಳಕ್ಕೆ ಬರುತ್ತಾರೆ. ಹುಡಿ ಎಂದರೆ ತಣ್ಣೀರಿನಲ್ಲಿ ತೊಳೆಯುತ್ತಾಳೆ. ಉಮಿ ಎಂದರೆ ಸೆರಗಿನ ತುದಿ ತಿರುಚಿ ತೆಗೆಯುತ್ತಾಳೆ. ತರಿ ಎಂದರೆ, ಮರಳಿನದೋ ಕಬ್ಬಿಣದ್ದೋ ಗಟ್ಟಿ ಕಾಳು ಎಂದರೆ, ನಾಲಿಗೆ. ಬಾಯಿ ಮುಕ್ಕಳಿಸಿ, ರೆಪ್ಪೆ ಮಗುಚಿ, ನಾಲಿಗೆಯ ತುದಿಯನ್ನು ಕಣ್ಣಿನ ಮೇಲೆ ಒಮ್ಮೆ ಎಳೆದರೆ ತರಿ ಅಂಟಿಕೊಂಡು ಬರುತ್ತದೆ. ಆ ನಾಲಿಗೆಗಾಗಿಯೇ ಅವಳು ಎಲೆಯಡಿಕೆ ಬಿಟ್ಟವಳು. ಗಾಜಿನ ಚೂರು ಎಂದರೆ ಮಾತ್ರ ಮುಟ್ಟುವುದಿಲ್ಲ. ಪುತ್ತೂರಿಗೆ ಹೋಗಿ ಡಾಕ್ಟ್ರಿಗೆ ತೋರಿಸಿ ಎನ್ನುತ್ತಾಳೆ.

ಶತ್ರು ಬಂದರೂ ಅಂಗಳದಿಂದ ಓಡಿಸಬಾರದು ಎಂದು ಅವಳಿಗೆ ಇದನ್ನು ಕಲಿಸಿದ ತಾಯಿ ಹೇಳಿದ್ದಳು.

ಬೆಳಗಿನ ಬಿಸಿಲು ಏರುವ ಹೊತ್ತಿಗೆ ಅಳಿಯ ಅಶ್ವಿತ್ ಬಂದ. ಬೈಕನ್ನು ಕೆಳಗೆ ರಸ್ತೆಯಲ್ಲಿ ಬೀಳಿಸಿ, ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿದ. ಎಡಗಣ್ಣಿನಿಂದ ನೀರು ಸುರಿದು ಶರ್ಟಿನ ಕಾಲರು ಒದ್ದೆಯಾಗಿತ್ತು.

ಮಗಳು ಭವಿತಾ ತಾಯಿ ಮನೆಗೆ ಬಂದು ಒಂದು ತಿಂಗಳಾಗಿತ್ತು. ಬಂದ ದಿನ ಅವಳ ಮುಂದಿನ ಹಲ್ಲು ಅರ್ಧ ಇರಲಿಲ್ಲ. ಮರುದಿನ ಇದೇ ಅಂಗಳದಲ್ಲಿ ನಿಂತು ಅಶ್ವಿತ್ ಹೇಳಿದ್ದ: "ಒಂದು ಚೂರು ಕೈ ತಾಗಿದ್ದು ಅತ್ತೆ. ಅದನ್ನು ಇಷ್ಟು ದೊಡ್ಡದು ಮಾಡುದಾ?"

ಚೆನ್ನು ಜಗಲಿಯಲ್ಲಿ ಸ್ಟೂಲು ತಂದಿಟ್ಟಳು.

"ಎಂತ ಬಿದ್ದದ್ದು?"

"ಕಬ್ಬಿಣದ ತರಿ. ಗ್ರೈಂಡರ್ ಹಿಡಿಯುವಾಗ ಹಾರಿದ್ದು."

"ಕನ್ನಡಕ ಹಾಕ್ಲಿಕ್ಕೆ ಎಂತ ದಾಡಿ ನಿಮಗೆ?"

"ಬೈಯುದು ಮತ್ತೆ ಬೈಯಿರಿ ಮಾರಾಯ್ರೆ. ಮೊದಲು ತೆಗೀರಿ. ಸಾಯ್ತಾ ಇದ್ದೇನೆ."

ಚೆನ್ನುವಿನ ಎದೆ ಹಗುರವಾಯಿತು. ಇವನು ಗ್ರೈಂಡರ್ ಹಿಡಿದಿದ್ದ ಎಂದರೆ ವರ್ಕ್‌ಶಾಪಿನಲ್ಲಿದ್ದ. ವರ್ಕ್‌ಶಾಪಿನಲ್ಲಿದ್ದ ಎಂದರೆ ಮನೆಯಲ್ಲಿ ಇರಲಿಲ್ಲ. ಭವಿತಾ ಬೆಳಿಗ್ಗೆ ಅವನ ಮನೆಗೇ ಹೋಗಿದ್ದಳು, ತನ್ನ ಬಟ್ಟೆ ಮತ್ತು ಮಾರ್ಕ್ಸ್ ಕಾರ್ಡು ತರಲು. ಬೇಡ ಎಂದರೂ ಕೇಳಿರಲಿಲ್ಲ. "ಅವರು ವರ್ಕ್‌ಶಾಪಿಗೆ ಹೋದ ಮೇಲೆ ಹೋಗುದಮ್ಮ. ಬೀಗದ ಕೈ ನನ್ನ ಹತ್ರ ಒಂದು ಉಂಟಲ್ಲ" ಎಂದಿದ್ದಳು. ಇವನು ಇಲ್ಲಿ ಇರುವಷ್ಟು ಹೊತ್ತು ಅವಳಿಗೆ ಒಳ್ಳೆಯದೇ.

ಚೆನ್ನು ನಿಧಾನವಾಗಿ ಬಾಯಿ ಮುಕ್ಕಳಿಸಿದಳು. ನೀರು ತುಂಬಿದ ಕಂಚಿನ ಚೆಂಬನ್ನು ಪಕ್ಕದಲ್ಲಿಟ್ಟಳು. ಅವನ ತಲೆಯನ್ನು ಕಂಬಕ್ಕೆ ಒರಗಿಸಿ, ಹೆಬ್ಬೆರಳಿನಲ್ಲಿ ರೆಪ್ಪೆ ಮೇಲೆತ್ತಿದಳು. ಕಣ್ಣು ಕೋಳಿಯ ಜುಟ್ಟಿನಂತೆ ಕೆಂಪಾಗಿತ್ತು. ಬಾಗಿ ನಾಲಿಗೆ ಇಟ್ಟು ಎಳೆದಳು.

ನಾಲಿಗೆ ಕೊಯ್ಯಿತು.

ಉಪ್ಪು ನೀರಿನ ಜೊತೆ ಅವಳದೇ ರಕ್ತದ ರುಚಿ ಬಾಯಿಗೆ ಬಂತು. ಕಬ್ಬಿಣ ಹೀಗೆ ಕೊಯ್ಯುವುದಿಲ್ಲ, ಅಂಟುತ್ತದೆ. ಚೆನ್ನು ಅಂಗೈಗೆ ಉಗುಳಿದಳು. ಕೆಂಪು ಎಂಜಲಿನ ನಡುವೆ ಅಕ್ಕಿಯ ನುಚ್ಚಿಗಿಂತಲೂ ಸಣ್ಣದೊಂದು ಚೂರು. ಬಿಸಿಲಿಗೆ ಹಿಡಿದಳು. ಒಂದು ಬದಿ ಹೊಳೆಯಿತು. ಇನ್ನೊಂದು ಬದಿಗೆ ಬೂದು ಬಣ್ಣ ಹತ್ತಿತ್ತು.

ಕನ್ನಡಿ.

ವರ್ಕ್‌ಶಾಪಿನಲ್ಲಿ ಕನ್ನಡಿ ಇಲ್ಲ. ಕನ್ನಡಿ ಇದ್ದದ್ದು ಮದುವೆಗೆ ತಾನೇ ಕೊಟ್ಟ ಸ್ಟೀಲ್ ಕಪಾಟಿನ ಬಾಗಿಲಲ್ಲಿ, ಅವನ ಮಲಗುವ ಕೋಣೆಯಲ್ಲಿ. ಆಗ ಅವಳು ಅವನ ಕೈಗಳನ್ನು ನೋಡಿದಳು. ಉಗುರಿನ ಸಂದಿಯಲ್ಲಿ ಕಬ್ಬಿಣದ ಕಪ್ಪು ಇರಲಿಲ್ಲ. ಕೈಯಿಂದ ಸಾಬೂನಿನ ವಾಸನೆ ಬರುತ್ತಿತ್ತು. ಬಲಗೈಯ ಗೆಣ್ಣುಗಳು ಸುಲಿದಿದ್ದವು.

"ಹೋಯ್ತಾ?" ಎಂದ ಅಶ್ವಿತ್.

"ಇನ್ನೊಂದು ಉಂಟು." ಅದು ನಿಜವೇ. ಕಣ್ಣಿನ ಕಪ್ಪು ಪಾಪೆಯ ಅಂಚಿನಲ್ಲಿ ಇನ್ನೊಂದು ಮಿನುಗುತ್ತಿತ್ತು. ಅವಳು ಮತ್ತೆ ರೆಪ್ಪೆ ಎತ್ತಿ ಹಿಡಿದಳು. ಇನ್ನೊಂದು ಕೈಯಲ್ಲಿ ಅವನ ಕೂದಲನ್ನು ಬುಡದಿಂದ ಸುತ್ತಿಕೊಂಡಳು. "ಭವಿತಾ ಎಲ್ಲಿ?"

"ಎಂತ ಅತ್ತೆ? ನಾನು ವರ್ಕ್‌ಶಾಪಿಂದ ಬರುದು."

"ನನ್ನ ಮಗಳು ಎಲ್ಲಿದ್ದಾಳೆ, ಹೇಳು ನೀನು."

ಮೂರು ವರ್ಷಗಳಲ್ಲಿ ಅವಳು ಅವನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಅಶ್ವಿತ್ ಏಳಲು ನೋಡಿದ. ಅವಳು ರೆಪ್ಪೆ ಬಿಟ್ಟು, ಅದರ ಮೇಲೆ ಹೆಬ್ಬೆರಳನ್ನು ಒತ್ತಿದಳು. ಅವನು ಕಿರುಚಿದ್ದಕ್ಕೆ ಹಿತ್ತಿಲ ಕೋಳಿಗಳು ಹಾರಿ ಬೇಲಿ ಹತ್ತಿದವು.

"ಕೋಣೆಯಲ್ಲಿ! ಕೋಣೆಯಲ್ಲಿ ಇದ್ದಾಳೆ ಅವಳು. ಬೀಗ ಹಾಕಿದ್ದೇನೆ. ಕಳ್ಳಿಯ ಹಾಗೆ ಬಂದ್ರೆ ಎಂತ ಮಾಡುದು? ಮಾತಿಗೆ ಮಾತು ಆಯ್ತು. ಒಂದು ಚೂರು ದೂಡಿದ್ದು, ಅಷ್ಟೆ."

"ಜೀವ ಉಂಟಾ?"

ಉತ್ತರ ಬರುವುದು ಒಂದು ಉಸಿರಿನಷ್ಟು ತಡವಾಯಿತು. ಅಷ್ಟು ಸಾಕಾಗಿತ್ತು. ಅವಳ ಹೆಬ್ಬೆರಳು ಇನ್ನೂ ಒಳಗೆ ಹೋಯಿತು.

ಅಶ್ವಿತ್ ಕಣ್ಣು ಕಾಣದೆಯೇ ಮುಷ್ಟಿ ಬೀಸಿದ. ಅದು ಅವಳ ಬಾಯಿಗೆ ಬಿತ್ತು. ಕೊಯ್ದ ನಾಲಿಗೆ ಹಲ್ಲುಗಳ ನಡುವೆ ಸಿಕ್ಕಿ ಮತ್ತಷ್ಟು ಹರಿಯಿತು. ಚೆನ್ನು ಜಗಲಿಯಿಂದ ಕೆಳಗೆ, ಅಂಗಳಕ್ಕೆ ಬಿದ್ದಳು. ಅವನು ಒಂದು ಕಣ್ಣು ಮುಚ್ಚಿಕೊಂಡು, ಇನ್ನೊಂದರಲ್ಲಿ ತಡವರಿಸುತ್ತ, ಅವಳ ಜಡೆ ಹಿಡಿದು ಎಳೆದ. "ಹುಡಿ ಮಾಡ್ತೇನೆ ನಿನ್ನನ್ನು ಮುದುಕೀ! ತಾಯಿ ಮಗಳನ್ನು ಇಬ್ಬರನ್ನೂ ಹುಡಿ ಮಾಡ್ತೇನೆ!" ಅವನ ಕಾಲು ಅವಳ ಪಕ್ಕೆಗೆ ಬಿತ್ತು. ಮತ್ತೆ ಬಿತ್ತು. ಒಳಗೆ ಏನೋ ಲಟಕ್ಕೆಂದಿತು.

ಜಗಲಿಯ ಅಂಚಿನಲ್ಲಿ ಚೆಂಬು ಕೈಗೆ ಸಿಕ್ಕಿತು. ಅವಳು ಅದನ್ನು ನೀರಿನ ಸಮೇತ ಅವನ ಮೊಣಕಾಲಿಗೆ ಬಡಿದಳು. ಅವನು ಬಗ್ಗಿದ. ಬಗ್ಗಿದ ತಲೆಯ ಮೇಲೆ, ಕಿವಿಯ ಹಿಂದೆ, ಇನ್ನೊಮ್ಮೆ ಬಡಿದಳು. ಅವನು ಮಗುಚಿ ಬಿದ್ದ ಮೇಲೂ ಚೆಂಬು ಮೇಲೆದ್ದಿತು. ಅದನ್ನು ಇಳಿಸಬೇಕೋ ಬೇಡವೋ ಎಂದು ಅವಳು ಯೋಚಿಸಿದಳು. ನಂತರ ಕೆಳಗಿಟ್ಟು, ಅವನ ಪ್ಯಾಂಟಿನ ಜೇಬಿನಿಂದ ಬೀಗದ ಕೈ ತೆಗೆದಳು.

ಅವನು ಮಣ್ಣಿನಲ್ಲಿ ಮುಖ ಇಟ್ಟು ಅಳುತ್ತಿದ್ದ. "ಅತ್ತೆ, ಇನ್ನೊಂದು... ಇನ್ನೊಂದು ತೆಗೀರಿ..."

"ಗಾಜನ್ನು ನಾನು ಮುಟ್ಟುದಿಲ್ಲ" ಎಂದಳು ಚೆನ್ನು.

ನಿಲ್ದಾಣದಿಂದ ಕಣ್ಣು ನೋವಿನವರನ್ನು ಅವಳ ಮನೆಗೆ ತರುವ ಆಟೋದ ಅಸ್ಕರ್ ಕೆಳಗೆ ರಸ್ತೆಯಲ್ಲಿದ್ದ. ಅವಳ ಬಾಯಿ ನೋಡಿ ಅವನು ಹೌಹಾರಿದ. "ಯಾ ಅಲ್ಲಾ! ಎಂತ ಆಯ್ತು ಚೆನ್ನಕ್ಕ?" ಅವಳು ಬೀಗದ ಕೈ ತೋರಿಸಿ, ಅಳಿಯನ ಮನೆಯಿದ್ದ ಕಡಬದ ಕಡೆಗೆ ಬೆರಳು ಮಾಡಿದಳು. ಅವನು ಆಟೋ ತಿರುಗಿಸಿದ.

ಅಶ್ವಿತ್‌ನ ಮನೆಯ ಮುಂಬಾಗಿಲು ತೆರೆದೇ ಇತ್ತು. ಕೋಣೆಯ ಬೀಗವನ್ನು ಅಸ್ಕರ್ ತೆಗೆದ. ಕಪಾಟಿನ ಬಾಗಿಲು ಒಳಗೆ ಬಾಗಿತ್ತು. ತಲೆಯ ಎತ್ತರದಲ್ಲಿ, ಒಂದು ತಲೆಯಷ್ಟೇ ಅಗಲಕ್ಕೆ. ನೆಲದ ತುಂಬ ಕನ್ನಡಿ. ಮಂಚದ ಕಾಲಿಗೆ ಒರಗಿ ಭವಿತಾ ಕೂತಿದ್ದಳು. ಕೂದಲಲ್ಲಿ ಗಾಜಿನ ಹುಡಿ ಸಕ್ಕರೆಯಂತೆ ಹರಡಿತ್ತು. ಹಣೆ ಬಿರಿದಿತ್ತು. ಕುತ್ತಿಗೆಯಲ್ಲಿ ಬೆರಳುಗಳ ಗುರುತು ನೀಲಿಯಾಗಿ ಏಳುತ್ತಿತ್ತು. ಮಾರ್ಕ್ಸ್ ಕಾರ್ಡಿನ ಪ್ಲಾಸ್ಟಿಕ್ ಲಕೋಟೆಯನ್ನು ಅವಳು ಎದೆಗೆ ಒತ್ತಿ ಹಿಡಿದಿದ್ದಳು.

ಉಸಿರಾಡುತ್ತಿದ್ದಳು.

"ಎಂತ ಇಲ್ಲಮ್ಮ" ಎಂದಳು. ಗಂಟಲಿನಿಂದ ಗಾಳಿ ಮಾತ್ರ ಬಂತು. "ಒಂದು ಚೂರು ತಾಗಿದ್ದು."

ಚೆನ್ನು ಅವಳ ಮುಂದೆ ಗಾಜಿನ ಮೇಲೆಯೇ ಮಂಡಿಯೂರಿದಳು. ಮಗಳ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು, ಅಂಗಳಕ್ಕೆ ಬಂದವರನ್ನು ತಿರುಗಿಸುವ ಹಾಗೆಯೇ. ಬಾಯಲ್ಲಿದ್ದ ರಕ್ತ ಉಗುಳಿದಳು. ಮಾತು ತೊದಲಿತು.

"ಆಸ್ಪತ್ರೆಯಲ್ಲಿ ಕೇಳ್ತಾರೆ. ಪೊಲೀಸರೂ ಕೇಳ್ತಾರೆ. ಈಗ ನಾನು ಕೇಳುದು. ಸರಿಯಾದ ಹೆಸರು ಹೇಳು. ಎಂತ ಆದದ್ದು?"

ಭವಿತಾ ಬಾಗಿದ ಕಪಾಟನ್ನು ನೋಡಿದಳು. ಬಾಗಿಲಲ್ಲಿ ನಿಂತಿದ್ದ ಅಸ್ಕರ್ ಮುಖ ತಿರುಗಿಸಿಕೊಂಡ. ಹೊರಗೆ ಆಟೋದ ಇಂಜಿನು ಆರಿಸದೆ ಬಿಟ್ಟದ್ದು ಕೇಳುತ್ತಿತ್ತು.

"ಕುತ್ತಿಗೆ ಹಿಡಿದ" ಎಂದಳು. "ತಲೆಯನ್ನು ಕನ್ನಡಿಗೆ ಬಡಿದ. ಅದು ಒಡೆದ ಮೇಲೂ ಬಡಿದ."

ಉಸಿರು ಎಳೆದುಕೊಂಡಳು.

"ಅವನು ನನ್ನನ್ನು ಕೊಲ್ಲಲಿಕ್ಕೆ ನೋಡಿದ್ದು ಅಮ್ಮ."

"ಹಾಂ" ಎಂದಳು ಚೆನ್ನು. "ಹಾಗೆ ಹೇಳು." ನಂತರ ಮಗಳ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದಳು.