ಆರು ಸ್ಟೇಜಿನ ವಿಮೆ

ಮೂವತ್ತೆರಡು ವರ್ಷ ಓಡುವ ಬಸ್ಸಿನಲ್ಲಿ ನಿಂತು ಟಿಕೆಟ್ ಹರಿದ ಮನುಷ್ಯನಿಗೆ ಕುರ್ಚಿಯಲ್ಲಿ ಕೂತು ಒಂದು ಅರ್ಜಿ ತುಂಬುವುದು ಯಾವ ಮಹಾ ಕೆಲಸ ಎಂದು ನೀವು ಕೇಳಬಹುದು. ಬೀದಿಯವರೆಲ್ಲ ಕಂಡಕ್ಟರ್ ಮಾಮ ಎಂದೇ ಕರೆಯುವ ಆ ನಿವೃತ್ತರೂ ಬೆಳಿಗ್ಗೆ ಹಾಗೆಯೇ ಅಂದುಕೊಂಡಿದ್ದರು. ಈಗ ಮಧ್ಯಾಹ್ನ ಮೂರು ಗಂಟೆ. ಹೊಲಿಗೆ ಮಷಿನ್ನಿನ ಮೇಲಿಟ್ಟ ಮಗಳ ಲ್ಯಾಪ್‌ಟಾಪು ಹನ್ನೊಂದನೆಯ ಸಲ ಕೆಂಪಕ್ಷರದಲ್ಲಿ ‘ಕ್ಷಮಿಸಿ, ಈ ವಿಮೆ ನಿಮಗೆ ಲಭ್ಯವಿಲ್ಲ’ ಎಂದಿತು.

“ಕ್ಷಮಿಸಲ್ಲ, ಹೋಗೋ!” ಎಂದು ಮಾಮ ಪರದೆಗೇ ಗದರಿದರು.

ಐದು ಗಂಟೆಯೊಳಗೆ ವಿಮೆಯ ನಂಬರು ಹಡಗಿನ ಕಚೇರಿಗೆ ಮುಟ್ಟಬೇಕಿತ್ತು. ಇಲ್ಲದಿದ್ದರೆ ಹೆಂಡತಿಯ ಟಿಕೆಟ್ ರದ್ದು. ಎದೆಯಲ್ಲಿ ಎರಡು ಸ್ಟೆಂಟ್ ಹಾಕಿಸಿಕೊಂಡವಳನ್ನು ವಿಮೆಯಿಲ್ಲದೆ ಹತ್ತಿಸಿಕೊಳ್ಳುವುದಿಲ್ಲ ಎಂದು ಹಡಗಿನವರು ಖಡಾಖಂಡಿತವಾಗಿ ಹೇಳಿದ್ದರು. ವಿಮಾನ ಬೇಡವೇ ಬೇಡ ಎಂದು ಡಾಕ್ಟರು ಮೊದಲೇ ಹೇಳಿಯಾಗಿತ್ತು. ಮುಂದಿನ ಹಡಗಿಗೆ ಮೂರು ತಿಂಗಳು ಕಾಯಬೇಕು. ಸಮುದ್ರದಾಚೆ ಹಾಸಿಗೆ ಹಿಡಿದಿರುವ ಅವಳ ಅಕ್ಕ ಅಷ್ಟು ದಿನ ಇರುತ್ತಾಳೆಂಬ ಭರವಸೆ ಯಾರಿಗೂ ಇರಲಿಲ್ಲ. ತಾಯಿಯಿಲ್ಲದ ತಂಗಿಯನ್ನು ಎತ್ತಿ ಆಡಿಸಿ, ಓದಿಸಿ, ಮದುವೆ ಮಾಡಿಕೊಟ್ಟ ಅಕ್ಕ ಅವಳು.

ಗಂಡ ಹೆಂಡಿರ ಪ್ರಯಾಣವೇನೋ ಉದ್ದದ್ದೇ. ರೈಲು, ಹಡಗು, ಬಸ್ಸು. ಅಲ್ಲಿ ಒಂದಷ್ಟು ದಿನ. ಮತ್ತೆ ಬಸ್ಸು, ಹಡಗು, ರೈಲು. ಮಾಮ ಹಳೇ ಕ್ಯಾಲೆಂಡರಿನ ಹಿಂಬದಿಗೆ ಸ್ಕೇಲಿಟ್ಟು ಗೆರೆ ಎಳೆದು, ಬಸ್ಸಿನ ದಾರಿಯಂತೆ ಅದನ್ನು ಆರು ಸ್ಟೇಜು ಮಾಡಿದ್ದರು. ಒಂದೊಂದು ಸ್ಟೇಜಿಗೆ ಒಂದೊಂದು ವಿಮೆ. ಜೀವಮಾನವಿಡೀ ಲೆಕ್ಕ ತಪ್ಪದೆ ಮಾಡಿದ ಕೆಲಸ, ಇದರಲ್ಲಿ ತಪ್ಪೇನು ಬಂತು ಎಂಬ ಧೈರ್ಯ ಅವರದು.

ಆದರೆ ಒಂದು ಕಂಪನಿ ರೈಲಿಗೆ ಹೂಂ ಎಂದು ಹೃದಯಕ್ಕೆ ಊಹೂಂ ಅನ್ನುತ್ತಿತ್ತು. ಇನ್ನೊಂದು ಹೃದಯಕ್ಕೆ ಒಪ್ಪಿ, ಸಮುದ್ರ ಕಂಡೊಡನೆ ಹಿಂದೆ ಸರಿಯುತ್ತಿತ್ತು. ಮೂರನೆಯದು ಎರಡಕ್ಕೂ ತಲೆಯಾಡಿಸಿ ಆಸೆ ಹುಟ್ಟಿಸಿ, ಕೊನೆಯಲ್ಲಿ ‘ಪ್ರಯಾಣ ಆರಂಭಿಸುವಾಗ ನೀವು ನಿಮ್ಮ ಮನೆಯಲ್ಲಿರುತ್ತೀರಾ?’ ಎಂದು ಕೇಳುತ್ತಿತ್ತು.

“ಹಡಗು ಹತ್ತೋನು ಮನೇಲಿ ಹೇಗಿರ್ತಾನೆ? ಹಡಗೇನು ನಮ್ಮ ಬಚ್ಚಲಿಗೆ ಬರುತ್ತಾ?” ಮಾಮ ಹಲ್ಲು ಕಡಿಯುತ್ತಾ ‘ಇಲ್ಲ’ ಒತ್ತಿದರು. ಮತ್ತೆ ಕೆಂಪಕ್ಷರ.

ಅಕ್ಕನಿಗೆಂದು ತಾನೇ ಹೊಲಿದ ಹತ್ತಿಯ ಮೆತ್ತನೆ ನೈಟಿಯನ್ನು ಹೆಂಡತಿ ಸೂಟ್‌ಕೇಸಿನಲ್ಲಿಡುತ್ತಿದ್ದಳು. “ಫೋನ್ ಮಾಡಿ ಕೇಳಬಾರದಾ ರೀ?” ಎಂದಳು.

“ದಾರಿ ಹೇಳೋ ಕಂಡಕ್ಟರ್ರು ಇನ್ನೊಬ್ಬರ ಹತ್ರ ದಾರಿ ಕೇಳಬೇಕಾ?”

ಇನ್ನರ್ಧ ಗಂಟೆ ಜಂಬ ಮಾಡಿ ಕೊನೆಗೆ ಆ ಮೂರನೆಯ ಕಂಪನಿಗೆ ಫೋನ್ ಮಾಡಿ ಕೇಳಲೇಬೇಕಾಯಿತು. ಒಂದು ಒತ್ತಿ, ನಾಲ್ಕು ಒತ್ತಿ, ಮತ್ತೆ ಒಂದು ಒತ್ತಿ. ಆಮೇಲೆ ಪೀಪಿ ಸಂಗೀತ, ನಡುನಡುವೆ ‘ನಿಮ್ಮ ಕರೆ ನಮಗೆ ಅತ್ಯಮೂಲ್ಯ.’

“ಅಮೂಲ್ಯ ಆದ್ರೆ ಎತ್ರಪ್ಪಾ!” ಮಾಮನ ಪಿತ್ತ ನೆತ್ತಿಗೇರಿತು. ಗೋಡೆ ಗಡಿಯಾರ ನಾಲ್ಕೂ ಕಾಲು ತೋರಿಸುತ್ತಿತ್ತು.

ಎತ್ತಿದವಳು ಶೀತವಾಗಿದ್ದ ಒಬ್ಬ ಹುಡುಗಿ. ಆರು ಸ್ಟೇಜಿನ ಕಥೆಯನ್ನು ಪೂರ್ತಿ ಕೇಳಿ, ಮೂಗು ಸೊರ್ರೆಂದು ಎಳೆದುಕೊಂಡು, “ಸರ್, ಆರು ವಿಮೆ ಯಾಕೆ? ಒಂದೇ ತಗೊಳ್ಳಿ. ಮನೆ ಬೀಗ ಹಾಕಿದ ದಿನದಿಂದ ಬೀಗ ತೆಗೆಯೋ ದಿನದವರೆಗೆ. ನಡುವೆ ರೈಲು ಹತ್ತಿ, ಹಡಗು ಹತ್ತಿ, ನಮಗೇನು,” ಎಂದಳು.

ಮಾಮನ ಮುಖ ನೋಡುವಂತಿರಲಿಲ್ಲ. ಬೆಳಗಿನಿಂದ ತಾವು ಹೆಂಡತಿಯನ್ನು ಪ್ರತಿ ನಿಲ್ದಾಣದಲ್ಲೂ ಬಸ್ಸಿನಿಂದ ಇಳಿಸಿ ಹತ್ತಿಸುತ್ತಿದ್ದುದು ಈಗ ಹೊಳೆಯಿತು. ಹೆಂಡತಿ ನಗಲಿಲ್ಲ. ಅದು ಇನ್ನೂ ಕಸಿವಿಸಿಯಾಯಿತು.

ಹುಡುಗಿಯನ್ನು ಫೋನಿನಲ್ಲೇ ಇರಿಸಿಕೊಂಡು ಹೊಸ ಅರ್ಜಿ ತುಂಬಿದರು. ಹೃದಯಕ್ಕೆ ಹೂಂ, ಸಮುದ್ರಕ್ಕೆ ಹೂಂ. ಮನೆಗೆ ಮರಳುವ ದಿನ ಎಂಬಲ್ಲಿ, ಕ್ಯಾಲೆಂಡರ್ ನೋಡಿ, ಹೊರಟ ನಲವತ್ತನೆಯ ದಿನವನ್ನು ಇಬ್ಬರಿಗೂ ಹಾಕತೊಡಗಿದರು.

ಹೆಂಡತಿ ಅವರ ಕೈ ಹಿಡಿದುಕೊಂಡಳು. “ನಿಮ್ಮದು ಹಾಕಿ. ನನ್ನದು ಬೇಡ.”

“ಬೇಡ ಅಂದ್ರೆ?”

“ಅಕ್ಕ ಇರೋವರೆಗೂ ಅಲ್ಲೇ ಇರ್ತೀನಿ ರೀ. ಅವಳನ್ನ ಆ ಸ್ಥಿತೀಲಿ ಬಿಟ್ಟು, ನಲವತ್ತು ದಿನ ಆಯ್ತು, ಬರ್ತೀನಿ ಅಂತ ಹೇಗೆ ಎದ್ದು ಬರಲಿ?”

“ಹಾಗಂತ ಮೊದಲೇ ಬಾಯಿ ಬಿಡೋದಲ್ವಾ? ಈಗ ನಿಮ್ಮಕ್ಕ ಸಾಯೋದು ಯಾವತ್ತು ಅಂತ ಇಲ್ಲಿ ತಾರೀಕು ಹಾಕಲಾ?”

ಮಾತು ಬಾಯಿಂದ ಜಾರಿಬಿಟ್ಟಿತ್ತು. ಹೆಂಡತಿ ಕೈ ತೆಗೆದಳು. ಫೋನಿನಲ್ಲಿ ಹುಡುಗಿ ಒಮ್ಮೆ ಸೀನಿದಳು. ಮಾಮನಿಗೆ ತಮ್ಮ ಕಪಾಳಕ್ಕೆ ತಾವೇ ಬಾರಿಸಿಕೊಳ್ಳಬೇಕೆನಿಸಿತು.

ನಿಜ ಹೇಳಬೇಕೆಂದರೆ ಅವರಿಗೂ ಆ ಅಕ್ಕನಿಗೂ ಎಂದೂ ಸರಿಬಂದದ್ದಿಲ್ಲ. ‘ಇವನು ಕಾಲೂರಿ ಒಂದು ಕಡೆ ನಿಲ್ಲೋ ಗಂಡಲ್ಲ’ ಎಂದು ಹೆಣ್ಣು ನೋಡಲು ಹೋದ ದಿನವೇ ಆಕೆ ಅಡುಗೆಮನೆಯಿಂದ ಕೇಳಿಸುವಂತೆ ಅಂದಿದ್ದಳು. ಮಾಮ ಅದನ್ನು ಮರೆತಿರಲಿಲ್ಲ. ನೆಂಟರ ಮನೆಯಲ್ಲಿ ಮೂರು ರಾತ್ರಿ ಕಳೆದರೆ ಅವರಿಗೆ ಮೈಯೆಲ್ಲ ಮುಳ್ಳು. ನಲವತ್ತು ದಿನವೆಂಬುದನ್ನೇ ಅವರು ದೊಡ್ಡ ಮನಸ್ಸು ಮಾಡಿ ಬರೆದುಕೊಂಡಿದ್ದರು. ಇವಳು ಅಲ್ಲೇ ಉಳಿದರೆ? ಎರಡು ಸ್ಟೆಂಟಿನ ಎದೆಯಲ್ಲಿ ಅಕ್ಕನನ್ನು ಕಳಿಸಿಕೊಟ್ಟು, ಆಮೇಲೆ ಆ ಬಸ್ಸು, ಆ ಹಡಗು, ಆ ರೈಲು, ಒಬ್ಬಳೇ? ಆರು ಸ್ಟೇಜು ಬರೆಯುವಾಗ ಇದೊಂದು ಅವರ ತಲೆಗೆ ಬಂದಿರಲಿಲ್ಲ. ಇಷ್ಟು ಹೊತ್ತಿನ ಸಿಟ್ಟಿಗಿಂತ ಈ ಭಯವೇ ಹೆಚ್ಚು ಸುಟ್ಟಿತು.

“ಅಮ್ಮಾ, ಎಷ್ಟು ದಿನದವರೆಗೆ ಹಾಕಬಹುದು?” ಫೋನಿಗೆ ಕೇಳಿದರು.

“ನೂರಾ ಎಂಬತ್ತು, ಸರ್. ಬೇಗ ಬಂದ್ರೆ ತೊಂದರೆ ಇಲ್ಲ.”

ಹೆಂಡತಿಯ ಹೆಸರಿನ ಮುಂದೆ ನೂರಾ ಎಂಬತ್ತನೆಯ ದಿನ ಹಾಕಿದರು. ಆಮೇಲೆ ತಮ್ಮ ಹೆಸರಿನ ಮುಂದೆ ಒಂದು ಬೆರಳು ಆಡಿಸಿದರು.

ನಾಲ್ಕು ಐವತ್ತೆರಡಕ್ಕೆ ನಂಬರು ಬಂತು, ಹಡಗಿನ ಕಚೇರಿಗೂ ಹೋಯಿತು. ‘ನಮ್ಮ ಸೇವೆ ಹೇಗಿತ್ತು?’ ಎಂದು ಕೇಳಿದ ಪರದೆಯನ್ನು ಮಾಮ ಬಾಯಿಗೆ ಬಂದಂತೆ ಬೈದರು. ಹೆಂಡತಿ ಕನ್ನಡಕ ಹಾಕಿಕೊಂಡು ಬಗ್ಗಿ ಓದಿದಳು. ಎರಡು ಹೆಸರು, ಎರಡಕ್ಕೂ ಒಂದೇ ತಾರೀಕು.

“ರೀ, ಆರು ತಿಂಗಳು. ಅಕ್ಕನ ಮನೇಲಿ. ನೀವು.”

ಮಾಮ ಅತ್ತ ತಿರುಗಿ, ಆರು ಸ್ಟೇಜಿನ ಆ ಕ್ಯಾಲೆಂಡರನ್ನು ಟಿಕೆಟ್ಟಿನಂತೆ ಪರ್ರೆಂದು ಹರಿದರು.

“ಬಸ್ಸಲ್ಲಿ ಒಬ್ಬರೇ ಒಬ್ಬರು ಕೂತಿದ್ರೂ ಕಂಡಕ್ಟರ್ ಇಳಿಯೋ ಹಾಗಿಲ್ಲ,” ಎಂದರು. “ನಡಿ, ನನ್ನ ಬಟ್ಟೇನೂ ಇನ್ನೊಂದಷ್ಟು ಇಡು.”