ಸೊಳ್ಳೆಪರದೆಯ ಕೋಳಿಗೂಡು

ಕೋಳಿಗೂಡಿಗೆ ತಂತಿಬಲೆ ಬೇಡ ಎಂದು ನನ್ನ ಗಂಡ ತೀರ್ಮಾನಿಸಿದ್ದು ಮೊಬೈಲಿನಲ್ಲಿ ಹದಿನಾಲ್ಕು ವಿಡಿಯೋ ನೋಡಿದ ಮೇಲೆ. ಹದಿನಾಲ್ಕರಲ್ಲೂ ಬಲೆ ಇತ್ತು. "ಅವರಿಗೆಲ್ಲ ದುಡ್ಡು ಹೆಚ್ಚಾದದ್ದು" ಎಂದರು.

ಕುಟುಂಬಶ್ರೀ ಮಹಿಳಾ ಸಂಘದ ಮೂಲಕ ಪಂಚಾಯತಿನಿಂದ ನನಗೆ ಆರು ಹೇಂಟೆಗಳು ಬರುವುದಿತ್ತು. ಅರ್ಜಿಯಲ್ಲಿದ್ದದ್ದು ನನ್ನ ಹೆಸರು, ರಶ್ಮಿತಾ ಎಂದು. ಜಾಗ, ಬೈಕು, ಕರೆಂಟು ಬಿಲ್ಲು ಎಲ್ಲ ಇವರ ಹೆಸರಿನಲ್ಲಿರುವ ಮನೆಯಲ್ಲಿ ನನ್ನದೆಂದು ಬರುವ ಮೊದಲ ಆಸ್ತಿ ಅದು. ಮೊಟ್ಟೆ ಮಾರಿ ನನ್ನ ಕೈಯಲ್ಲೂ ನಾಲ್ಕು ಕಾಸು ಆಡಬೇಕೆಂದು ಬಹಳ ಆಸೆಯಿತ್ತು.

ಗೂಡು ಎರಡೇ ದಿನದಲ್ಲಿ ಎದ್ದಿತು. ಬಿದ್ದ ಅಡಿಕೆಮರ ಸೀಳಿ ದಬ್ಬೆ, ಮೇಲೆ ಹಳೆಯ ತಗಡು, ಕಟ್ಟಲು ಸೈಕಲ್ ಟ್ಯೂಬು. ಬಲೆ ಇರಬೇಕಾದಲ್ಲಿ ನಮ್ಮ ಹರಿದ ಸೊಳ್ಳೆಪರದೆ. ಹಿಂದುಗಡೆ ಗೇರುತೋಟ, ಅಲ್ಲಿ ಕಾಡುಬೆಕ್ಕುಗಳು ಬೇಕಾದಷ್ಟಿವೆ ಎಂದು ನೆನಪಿಸಿದೆ. ಇವರು ಹಿತ್ತಲಿನ ಮೂಲೆಯಲ್ಲಿರುವ, ಜಾಗ ಕಾಯುವ ದೈವ ಗುಳಿಗನ ಕಲ್ಲಿನತ್ತ ಕೈ ಮಾಡಿದರು.

"ಅವನಿರುವಾಗ ಬಲೆ ಎಂತಕ್ಕೆ? ಗೂಡು ಸುಸೂತ್ರ ಮುಗಿದರೆ ಒಂದು ಕೋಳಿ ಕೊಡ್ತೇನೆ ಅಂತ ಹೇಳಿಕೊಂಡಿದ್ದೇನೆ."

ಗೂಡು ಮುಗಿದಿತ್ತಲ್ಲ, ಆರು ಹೇಂಟೆಗಳು ಬಂದ ಕೂಡಲೇ ಹರಕೆ ತೀರಿಸಲೇಬೇಕಾಯಿತು. ಪಕ್ಕದ ಮನೆಯ ಮುದ್ದಣ್ಣ ಕತ್ತಿ ಹಿಡಿದು ಬಂದ. ರಕ್ತ ಗುಳಿಗನಿಗೆ, ಮಾಂಸ ಮನೆಗೆ ಎಂಬುದು ನಮ್ಮ ಕ್ರಮ. ಇವರೂ ಅವನೂ ರೊಟ್ಟಿಯ ಮೇಲೆ ಸಾರು ಸುರಿದುಕೊಂಡು ಭಕ್ತಿಯಿಂದ ಉಂಡರು. ಉಳಿದದ್ದು ಐದು.

ವಾರದೊಳಗೆ ಒಂದು ಬೆಳಿಗ್ಗೆ ಪರದೆ ಚಿಂದಿಯಾಗಿ ನೆಲದಲ್ಲಿ ಬಿದ್ದಿತ್ತು. ಒಂದು ಹೇಂಟೆ ಇರಲಿಲ್ಲ. ಉಳಿದ ನಾಲ್ಕಕ್ಕೆ ಒಂದು ಸೊಳ್ಳೆಯೂ ಕಚ್ಚಿರಲಿಲ್ಲ. ಇವರು ಪರದೆ ಹೊಲಿದು ಕಟ್ಟಿ, ತಿಂಗಳ ಕಾಲ ಬೆಕ್ಕು ಬಾರದಿದ್ದರೆ ಇನ್ನೊಂದು ಕೋಳಿ ಎಂದು ಹರಕೆ ಹೇಳಿದರು. ಬೆಕ್ಕು ಬರಲಿಲ್ಲ. ಮುದ್ದಣ್ಣ ಬಂದ. ಉಳಿದದ್ದು ಮೂರು.

ಗುಳಿಗನ ಮೇಲೆ ನನಗೆ ದೂರಿಲ್ಲ, ಅವನು ಕೇಳಿರಲಿಲ್ಲ. ಹೊಟ್ಟೆ ಉರಿದದ್ದು ಇವರ ಮೇಲೆ. ಬೆಕ್ಕು ತಿಂದದ್ದು ಒಂದು, ಕಾವಲಿನ ಹೆಸರಿನಲ್ಲಿ ಹೋದದ್ದು ಎರಡು.

ಆ ಹೊತ್ತಿಗೆ ಅಮ್ಮು ಮೊಟ್ಟೆ ಇಡತೊಡಗಿದ್ದಳು. ಅಮ್ಮು ಎಂದರೆ ಕಪ್ಪು ಹೇಂಟೆ. ಕರೆದರೆ ಅಡುಗೆಮನೆಯ ಬಾಗಿಲಿಗೇ ಬರುತ್ತಿದ್ದಳು. ಒಂದು ಸಂಕ್ರಾಂತಿಯ ಬೆಳಿಗ್ಗೆ ಇವರು ಅವಳನ್ನೇ ದಿಟ್ಟಿಸುತ್ತ ನಿಂತಿದ್ದರು.

"ಕಪ್ಪಿನದ್ದು ಒಳ್ಳೆ ದಪ್ಪ ಆಗಿದೆ. ಈ ಸಲ ಮೂರು ತಿಂಗಳಿಗೆ ಹೇಳಿಕೊಳ್ಳುವ" ಎಂದು ಕಲ್ಲಿನತ್ತ ಹೊರಟರು.

ಅಮ್ಮುವನ್ನು ಕಂಕುಳಲ್ಲಿ ಅವುಚಿಕೊಂಡು ಇವರಿಗಿಂತ ಮೊದಲೇ ಹೋಗಿ ಕಲ್ಲಿನ ಎದುರು ನಿಂತೆ. ಮುದ್ದಣ್ಣನಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ.

"ಗುಳಿಗಾ, ಇನ್ನು ಈ ಗೂಡಿನಿಂದ ಒಂದು ಕೋಳಿ ಹೋದರೆ, ಬೆಕ್ಕೇ ಕೊಂಡುಹೋಗಲಿ, ಹರಕೆಗೇ ಹೋಗಲಿ, ಈ ಮನೆಯ ಯಜಮಾನರು ಒಂದು ವರ್ಷ ಕೋಳಿ ಬಾಯಿಗಿಡುವುದಿಲ್ಲ."

ಇವರು ಮುಗಿಯಲು ಎತ್ತಿದ ಕೈಯನ್ನು ಹಾಗೇ ಇಳಿಸಿದರು.

"ನೀನು ಎಂತ ಹೇಳಿದ್ದು ಈಗ?"

"ಕೇಳಿತಲ್ಲ ನಿಮಗೆ."

"ಅದನ್ನು ಹಿಂದೆ ತೆಗೀಲಿಕ್ಕೆ ಆಗುದಿಲ್ವಾ?"

"ಗುಳಿಗನ ಎದುರು ಆಡಿದ ಮಾತು. ನೀವೇ ಕೇಳಿ ನೋಡಿ."

ಇವರು ಕೇಳಲಿಲ್ಲ. ಹನ್ನೊಂದು ಗಂಟೆಯ ಬಸ್ಸಿಗೆ ಸೀತಾಂಗೋಳಿ ಪೇಟೆಗೆ ಹೋದರು. ಊಟದ ಹೊತ್ತಿಗೆ ಒಂದು ಸುರುಳಿ ತಂತಿಬಲೆ, ಎರಡು ಕಿಲೋ ಮೊಳೆ, ಬೀಗ ಹಿಡಿದು ಬಂದರು. ಊಟ ಕೂಡ ಮಾಡದೆ ಬಲೆಯನ್ನು ಎರಡು ಪದರ ಮಾಡಿ ಹೊಡೆದರು. ಈಗ ಸಂಜೆಯಾದರೆ ಕೋಳಿಗಳನ್ನು ಎಣಿಸಿ ಒಳಗೆ ಬಿಡುವವರು ಇವರೇ. ಒಂದು ತಡವಾದರೆ ಟಾರ್ಚು ಹಿಡಿದು ಹುಡುಕಲು ಹೊರಡುತ್ತಾರೆ.

ಎರಡು ತಿಂಗಳು ಕಳೆದ ಮೇಲೆ ಮುದ್ದಣ್ಣ ಜಗಲಿಗೆ ಬಂದು ಕೂತ. ಗೂಡಿನತ್ತ ನೋಡಿದ. ಗಂಟಲು ಸರಿಮಾಡಿಕೊಂಡ.

"ಜಯಂತಣ್ಣ, ಈಗ ಹರಕೆ ಎಂತದೂ ಇಲ್ವಾ?"

ಇವರು ಅವನನ್ನು ಕನಿಕರದಿಂದ ನೋಡಿದರು.

"ಎಂತ ಮಾರಾಯ, ಕೋಳಿ ಸಾಕುದು ಮೊಟ್ಟೆಗಲ್ವಾ?"