ಮರಳಿನಡಿಯ ಗೇರು

ದೊಡ್ಡ ದೋಣಿ ಅರ್ಧ ನೀರಿನಲ್ಲಿ, ಅರ್ಧ ಮರಳಿನ ಮೇಲೆ ಇರುವಾಗಲೇ ಆಮೆಯ ಹೊಟ್ಟೆಯೊಳಗೆ ಏನೋ ಟಳ್ ಎಂದು ಮುರಿಯಿತು.

ಆಮೆ ಎಂದರೆ ದಡದ ದೋಣಿ ಅಂಗಳದಲ್ಲಿದ್ದ ಹಳೆಯ ಚೈನ್ ಟ್ರ್ಯಾಕ್ಟರ್. ಚಕ್ರದ ಬದಲು ಎರಡು ಬದಿಗೂ ಕಬ್ಬಿಣದ ಪಟ್ಟೆ. ನಡಿಗೆ ಹೆಸರಿಗೆ ತಕ್ಕಂತೆ. ಆದರೆ ಸಡಿಲ ಮರಳಿನಲ್ಲಿ ಹೂತುಹೋಗದೆ, ಮನೆಯಷ್ಟು ದೊಡ್ಡ ದೋಣಿಯನ್ನೂ ಮೇಲಕ್ಕೆ ಎಳೆಯುವ ತಾಕತ್ತು ಅದಕ್ಕೊಂದಕ್ಕೇ ಇತ್ತು. ಗಾಳಿಕಾಲ ಬರುವ ಮುನ್ನ ದಡದ ದೋಣಿಗಳೆಲ್ಲ ಅದರ ಬೆನ್ನು ಹಿಡಿದೇ ಮೇಲೇರಬೇಕು. ಈ ಸಲ ಮೊದಲನೆಯ ದೋಣಿಗೇ ಅದು ಕೈಕೊಟ್ಟಿತ್ತು.

"ಅತ್ತಿಗೆ, ನಾನೇನೂ ಮಾಡಿಲ್ಲ," ಎಂದ ಸೀಟಿನಲ್ಲಿದ್ದ ಮೈದುನ, ಯಾರೂ ಕೇಳುವ ಮೊದಲೇ.

"ಮಾಡಿದೀಯ ಅಂತ ಯಾರಂದ್ರು? ಇಳಿ ಮೊದಲು."

ಗಂಡ ಮೀನಿನ ಲಾರಿಯ ಹಿಂದೆ ಊರೂರು ತಿರುಗುತ್ತಿದ್ದುದರಿಂದ ಅಂಗಳ ನಡೆಸುತ್ತಿದ್ದವರು ಅತ್ತಿಗೆ, ಮೈದುನ ಇಬ್ಬರೇ. ಓಡಿಸುವುದು, ಮಾತಾಡುವುದು ಅವನ ಕೆಲಸ, ರಿಪೇರಿ ಅವಳದ್ದು. ಲೇತ್ ಅಂಗಡಿಯವರ ಮಗಳು ಅವಳು, ಗೊಂಬೆಗಿಂತ ಮೊದಲು ಸ್ಪ್ಯಾನರ್ ಹಿಡಿದವಳು. ಎಡಪಟ್ಟೆಯ ಬದಿಯ ಮುಚ್ಚಳ ಬಿಚ್ಚಿ ಎಣ್ಣೆಯೊಳಗೆ ಕೈ ಹಾಕಿದಳು. ಪಟ್ಟೆಯನ್ನು ತಿರುಗಿಸುವ ದೊಡ್ಡ ಗೇರು ಗಟ್ಟಿಯಾಗಿತ್ತು. ಅದನ್ನು ತಿರುಗಿಸುವ ಚಿಕ್ಕ ಗೇರಿನ ಹಲ್ಲುಗಳು ಮಾತ್ರ ಒಂದರ ಪಕ್ಕ ಒಂದು ಉದುರಿ ಅವಳ ಅಂಗೈಗೆ ಬಂದವು.

"ಬಾಯಿ ಬೊಚ್ಚಾಗಿದೆ," ಎಂದಳು.

ದೊಡ್ಡ ದೋಣಿಯ ಯಜಮಾನ ಸಮುದ್ರದ ಕಡೆ ನೋಡುತ್ತ ನಿಂತಿದ್ದ. "ಗಾಳಿ ತಿರುಗಿದ್ರೆ ನನ್ನ ದೋಣಿ ಇಲ್ಲೇ ಒಡೆದು ಸೌದೆ ಆಗುತ್ತೆ ಕಣಮ್ಮ." ಅವನ ಆಳುಗಳು ದೋಣಿಗೆ ಸಿಕ್ಕಸಿಕ್ಕ ಹಗ್ಗವನ್ನೆಲ್ಲ ಬಿಗಿದು ಗೂಟಗಳಿಗೆ ಕಟ್ಟಿದರು.

ಹುಡುಕಾಟ ಶುರುವಾಯಿತು. ಮೈದುನ ಬೈಕು ಓಡಿಸಿದ, ಅತ್ತಿಗೆ ಮುರಿದ ಗೇರನ್ನು ಗೋಣಿಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಹಿಂದೆ ಕೂತಳು. ಗುಜರಿ ಸಾಲಿನ ಒಂದು ಅಂಗಡಿಯವನು ಗೇರನ್ನು ತಿರುಗಿಸಿ ನೋಡಿ, "ಇದರ ಕಂಪನಿ ಮುಚ್ಚಿದಾಗ ನಮ್ಮಪ್ಪನಿಗಿನ್ನೂ ಮದುವೆ ಆಗಿರಲಿಲ್ಲ. ಮ್ಯೂಸಿಯಮ್ಮಿಗೆ ಕನ್ನ ಹಾಕಿ," ಎಂದು ನಕ್ಕ. ಇನ್ನೊಂದು ಅಂಗಡಿಯ ಮೂಲೆಯಲ್ಲಿ ಅಂಥದೇ ಗೇರು ಕಂಡಾಗ ಮೈದುನ ಕುಣಿಯುವುದೊಂದು ಬಾಕಿ. ಅತ್ತಿಗೆ ಎರಡನ್ನೂ ಪಕ್ಕಪಕ್ಕ ಇಟ್ಟು ಬೆರಳಿನಿಂದ ಎಣಿಸಿದಳು. ಅಂಗಡಿಯ ಗೇರಿಗೆ ಒಂದು ಹಲ್ಲು ಹೆಚ್ಚಿತ್ತು.

"ಒಂದೇ ಒಂದು ತಾನೇ ಅತ್ತಿಗೆ?"

"ಬೇರೆಯವರ ಹಲ್ಲುಸೆಟ್ಟು ಹಾಕ್ಕೊಂಡು ಊಟ ಮಾಡು ನೋಡೋಣ, ಆಗ ಗೊತ್ತಾಗುತ್ತೆ."

ಕೊನೆಗೆ ಅವಳ ತವರಿನ ಲೇತ್ ಅಂಗಡಿಗೇ ಹೋದರು. ಅಪ್ಪ ಕನ್ನಡಕ ಏರಿಸಿಕೊಂಡು ಗೇರು ನೋಡಿದರು. "ಕೊರೆದುಕೊಡ್ತೀನಮ್ಮ. ಆದ್ರೆ ಕಾಯಿಸಿ ಹದ ಹಾಕಿಸೋಕೆ ದೂರ ಕಳಿಸಬೇಕು. ಅಲ್ಲಿ ಸರದಿ ದೊಡ್ಡದು. ಹದ ಇಲ್ಲದೆ ಹಾಕಿದ್ರೆ ಬೆಣ್ಣೆ ಥರ ಸವೀತದೆ. ಗಾಳಿ ನಿನಗೋಸ್ಕರ ಕಾಯುತ್ತಾ?"

ಮುಖ ಸಪ್ಪೆ ಮಾಡಿಕೊಂಡು ಮನೆಗೆ ಬಂದ ಇಬ್ಬರನ್ನೂ, ಬಟ್ಟೆ ಮಡಚುತ್ತಿದ್ದ ಅತ್ತೆ ಒಮ್ಮೆ ನೋಡಿದರು.

"ಆಮೆ ಜೊತೆ ಇನ್ನೊಂದು ಬಂದಿತ್ತಲ್ಲ, ಅವಳಿ. ಅದರದ್ದು ಆಗಲ್ವಾ?"

ಮೈದುನ ಕುಡಿಯುತ್ತಿದ್ದ ನೀರು ನೆತ್ತಿಗೇರಿತು. "ಅಮ್ಮ, ಇನ್ನೊಂದಿತ್ತು ಅಂತ ಮೊದಲೇ ಹೇಳೋಕೇನಾಗಿತ್ತು ನಿಂಗೆ?"

"ನೀವು ಕೇಳಿದ್ರಾ? ಬೈಕ್ ಹತ್ತಿ ಊರು ಸುತ್ತೋಕೆ ಹೋದ್ರಿ. ಅದನ್ನ ಓಡಿಸ್ತಿದ್ದೋನು ನನ್ನ ತಮ್ಮ. ಹೋಗಿ ಅವನನ್ನೇ ಕೇಳಿ."

ಸೋದರಮಾವ ಈಗ ಪೇಟೆಯಲ್ಲಿ ಹೊಲಿಗೆ ಮೆಷಿನ್ ರಿಪೇರಿ ಮಾಡುತ್ತಿದ್ದರು. ಅಂಗೈಯಗಲದ ಅಂಗಡಿಯಲ್ಲಿ ಮೆಷಿನ್ನುಗಳ ನಡುವೆ ತಾವೇ ಒಂದು ಬಿಡಿಭಾಗದಂತೆ ಸಿಕ್ಕಿಕೊಂಡು ಕೂತಿದ್ದರು. ಬೊಚ್ಚು ಗೇರನ್ನು ಕೈಗೆ ತೆಗೆದುಕೊಂಡದ್ದೇ ತಡ, ಅವರ ಬೆನ್ನು ನೆಟ್ಟಗಾಯಿತು.

"ಅದು ಎಲ್ಲೂ ಹೋಗಿಲ್ಲ. ಹೊಳೆ ಬಾಯಲ್ಲಿ ಮಲಗಿದೆ. ಆ ದೊಡ್ಡ ಬಿರುಗಾಳಿ ದಿನ ದೋಣಿ ಎಳೆಯೋಕೆ ಹೋದಾಗ ಪಟ್ಟೆ ಕೆಳಗಿನ ಮರಳೇ ಕರಗಿಹೋಯ್ತು. ನಾನು ಹಾರ್ಕೊಂಡೆ, ಅದು ಇಳ್ಕೊಂಡ್ತು."

"ಆಮೇಲೆ ಯಾರೂ ತೆಗೀಲಿಲ್ವಾ ಮಾವ?" ಎಂದಳು ಅತ್ತಿಗೆ.

"ಆಮೆ ಎಳೀತು, ಅಲುಗಲಿಲ್ಲ. ಅದನ್ನೂ ಕಳ್ಕೋತೀವಿ ಅಂತ ಬಿಟ್ಟುಬಿಟ್ರು."

"ಇಷ್ಟು ವರ್ಷ ಉಪ್ಪುನೀರಲ್ಲಿ ಗೇರು ಉಳಿದಿರುತ್ತಾ?"

"ಗೇರಿನ ಡಬ್ಬಿ ತುಂಬ ಎಣ್ಣೆ ಇತ್ತು. ಸೀಲು ಆಗತಾನೇ ನಾನೇ ಹೊಸದು ಹಾಕಿದ್ದೆ. ನೀರು ನುಗ್ಗಿದ್ರೆ ತುಕ್ಕು, ನುಗ್ಗದಿದ್ರೆ ಚಿನ್ನ." ಹಾಗೆನ್ನುವಷ್ಟರಲ್ಲಿ ಅವರು ಅಂಗಡಿಯ ಶಟರ್ ಅರ್ಧ ಎಳೆದಾಗಿತ್ತು. "ನಾಳೆ ಅಮಾವಾಸ್ಯೆ. ನೀರು ಪೂರ್ತಿ ಇಳಿಯೋ ದಿನ. ನಡೀರಿ, ಕೋಲು ನುಂಗಿದೋರ ಥರ ನಿಂತ್ಕೋಬೇಡಿ."

ಮರುದಿನ ಬೆಳಗ್ಗೆ ಹೊಳೆ ಸಮುದ್ರ ಸೇರುವ ಕಡೆ ನೀರು ಹಿಂದೆ ಸರಿದಂತೆಲ್ಲ ದಡದ ಜನರೆಲ್ಲ ಸಲಿಕೆ, ಹಾರೆ ಹಿಡಿದು ಮುಂದೆ ಬಂದರು. ದೊಡ್ಡ ದೋಣಿಯ ಯಜಮಾನ ಎಂಜಿನ್ ಪಂಪನ್ನೇ ಹೊತ್ತು ತಂದಿದ್ದ. ಸೋದರಮಾವ ಪ್ಯಾಂಟು ಮಡಚಿ, ದೀಪಸ್ತಂಭವೂ ಐಸ್ ಫ್ಯಾಕ್ಟರಿಯ ಚಿಮಣಿಯೂ ಒಂದರ ಹಿಂದೊಂದು ಬರುವ ಜಾಗಕ್ಕೆ ಹೋಗಿ ನಿಂತರು. "ಇಲ್ಲಿಂದ ಸಮುದ್ರದ ಕಡೆಗೆ ಚುಚ್ತಾ ಹೋಗಿ."

ಉದ್ದನೆಯ ಕಬ್ಬಿಣದ ಸಲಾಕೆಗಳು ಮರಳಿಗೆ ಇಳಿದವು. ಮೊದಲು ಠಣ್ ಎಂದದ್ದು ಮೈದುನನ ಸಲಾಕೆ. ಎಲ್ಲರೂ ಮುತ್ತಿ ಅಗೆದರು. ಸಿಕ್ಕಿದ್ದು ಯಾರದೋ ಹಳೆಯ ಲಂಗರು. ಅಷ್ಟರಲ್ಲಿ ಹೊತ್ತು ಹೋಯಿತು. ಯಾರೋ, "ಬೆಟ್ಟ ಅಗೆದು ಇಲಿ ಹಿಡಿದಂಗಾಯ್ತು," ಎಂದರು. ಅತ್ತಿಗೆ ಇನ್ನಷ್ಟು ಮುಂದೆ ಹೋಗಿ ಚುಚ್ಚಿದಳು. ಸಲಾಕೆ ತಡೆಯಿತು. ಪಕ್ಕದಲ್ಲಿ ಚುಚ್ಚಿದಳು, ತಡೆಯಿತು. ಮತ್ತೊಂದು ಮಾರು ಆಚೆಗೂ ತಡೆಯಿತು.

"ಮಾವ, ಇದು ಉದ್ದಕ್ಕಿದೆ."

ಪಂಪು ಗುಡುಗಿತು, ಸಲಿಕೆಗಳು ಎಡೆಬಿಡದೆ ಆಡಿದವು. ಗುಂಡಿಯೊಳಗಿಂದ ಮೊದಲು ಹೊಗೆ ಕೊಳವೆಯ ತುದಿ, ಆಮೇಲೆ ಸೀಟಿನ ಚೌಕಟ್ಟು, ಆಮೇಲೆ ಚಿಪ್ಪು ಹತ್ತಿ ಬಂಡೆಯಂತಾಗಿದ್ದ ಪಟ್ಟೆ. ಮೈದುನ ಇಣುಕಿ ನೋಡಿ ತಲೆಮೇಲೆ ಕೈಹೊತ್ತ. "ಎಡಕ್ಕೆ ವಾಲಿದೆ. ಎಡಗಡೆ ಎಲ್ಲ ಮರಳಡಿಗಿದೆ. ನಮಗೆ ಬೇಕಾಗಿರೋದೇ ಎಡಗಡೆದು."

"ಲೋ, ಎರಡು ಕಡೆಗೂ ಒಂದೇ ಗೇರು ಕಣೋ," ಎಂದರು ಸೋದರಮಾವ. "ಬಲಗಡೆ ಬಿಚ್ಚು. ಬೇಗ, ನೀರು ನೋಡು, ತಿರುಗ್ತಾ ಇದೆ."

ನಿಜ. ತೆರೆಗಳು ಹಿಂದೆ ಹೋಗುವುದನ್ನು ನಿಲ್ಲಿಸಿದ್ದವು.

ಬೋಲ್ಟುಗಳು ತುಕ್ಕಿನಿಂದ ಗುಂಡಗಾಗಿ ಸ್ಪ್ಯಾನರ್ ಜಾರುತ್ತಿತ್ತು. ಅತ್ತಿಗೆ ಉಳಿ ಹಿಡಿದಳು, ಮೈದುನ ಸುತ್ತಿಗೆ ಬೀಸಿದ. ಒಂದೊಂದೇ ತಲೆ ಹಾರಿತು. ಪಾದ ಮುಟ್ಟಿದ ನೀರು ಮೊಣಕಾಲಿಗೆ ಬಂತು. ಪಂಪು ಕೆಮ್ಮಿತು, ಯಜಮಾನ ಅದಕ್ಕೆ ಬೈದು ಮತ್ತೆ ಓಡಿಸಿದ. ಕೊನೆಯ ಬೋಲ್ಟು ಹೋದಾಗಲೂ ಮುಚ್ಚಳ ಅಲುಗಲಿಲ್ಲ. ಹಾರೆ ಕೊಟ್ಟು ಮೀಟಿದರು. ಪಚಕ್ ಎಂದು ಅದು ಬಿಟ್ಟುಕೊಂಡಿತು, ಸಂದಿನಿಂದ ಎಣ್ಣೆ ಸುರಿಯಿತು.

ಕಪ್ಪು ಎಣ್ಣೆ. ಹಾಲಿನಂತೆ ಬಿಳಿಚಿಕೊಂಡಿರಲಿಲ್ಲ, ನೀರು ಬೆರೆತಿರಲಿಲ್ಲ. ಅತ್ತಿಗೆ ಸೆರಗಿನಿಂದ ಒಂದು ಹಲ್ಲು ಒರೆಸಿದಳು. ಅದು ಬಿಸಿಲಿಗೆ ಫಳಫಳ ಹೊಳೆಯಿತು.

ಸೋದರಮಾವ ತಮ್ಮಷ್ಟಕ್ಕೆ, "ಚಿನ್ನ," ಎಂದರು.

ಗೇರು ಎಳೆಯುವ ಪುಲ್ಲರಿನ ಮೂರು ಕೊಕ್ಕೆ ಸಿಕ್ಕಿಸಿ ತಿರುಗಿಸತೊಡಗಿದಾಗ ನೀರು ಸೊಂಟಕ್ಕಿತ್ತು. ಹಿಡಿ ಬಿಗಿಯಾಯಿತು, ಇನ್ನೂ ಬಿಗಿಯಾಯಿತು. "ಕೊಕ್ಕೆ ಮುರಿಯುತ್ತೆ ಅತ್ತಿಗೆ," ಎಂದ ಮೈದುನ. "ಮುರೀಲಿ," ಎಂದು ಅವಳು ಹಿಡಿಗೆ ಇಡೀ ಮೈ ಹೇರಿದಳು. ಟಪ್ ಎಂದಿತು. ಮುರಿದದ್ದು ಕೊಕ್ಕೆಯಲ್ಲ, ಗೇರು ಕದಲಿತ್ತು. ತೆರೆಯೊಂದು ಗುಂಡಿಯ ಅಂಚು ದಾಟಿ ಅವಳ ಕುತ್ತಿಗೆಯ ತನಕ ನುಗ್ಗುವ ಹೊತ್ತಿಗೆ ಗೇರು ಅವಳ ಎರಡೂ ತೋಳಿನೊಳಗಿತ್ತು. ಮೈದುನನೂ ಯಜಮಾನನೂ ಅವಳ ರಟ್ಟೆ ಹಿಡಿದು ಗೇರು ಸಮೇತ ಮೇಲಕ್ಕೆಳೆದರು. ಹಿಂದೆಯೇ ಗುಂಡಿಯ ಗೋಡೆ ಕುಸಿದು ಅವಳಿ ಟ್ರ್ಯಾಕ್ಟರ್ ಮತ್ತೆ ಮುಚ್ಚಿಹೋಯಿತು.

"ನೆನೆದ ಕೋಳಿ ಥರ ಕಾಣ್ತಿದೀರ," ಎಂದ ಮೈದುನ.

"ಕೋಳಿ ಮೊಟ್ಟೆ ಇಟ್ಟಾಯ್ತು. ನಡಿ, ಫಿಟ್ ಮಾಡೋಣ," ಎಂದು ಅವಳು ಓಡಿದಳು. ಹಿಂದೆ ಇಡೀ ದಡವೇ ಓಡಿತು.

ಗೇರು ಬೆರಳಿಗೆ ಉಂಗುರ ಕೂತಂತೆ ಕೂತಿತು. ಹೊಸ ಎಣ್ಣೆ ಹೊಯ್ದು ಮುಚ್ಚಳ ಬಿಗಿದರು. ಮೈದುನ ಸೀಟಿಗೆ ಹತ್ತಲು ಕಾಲೆತ್ತಿದವನು, ಪಕ್ಕದಲ್ಲಿ ನಿಂತು ಲಿವರ್ ಸವರುತ್ತಿದ್ದ ಸೋದರಮಾವನನ್ನು ನೋಡಿ ಕಾಲು ಇಳಿಸಿದ.

"ಮಾವ, ನೀವೇ ಹತ್ತಿ."

ಅವರು ಎರಡನೆಯ ಸಲ ಹೇಳಿಸಿಕೊಳ್ಳಲಿಲ್ಲ. ಆಮೆ ಗುರುಗುಟ್ಟಿತು, ಹಗ್ಗ ಬಿಗಿಯಿತು, ಎಡಪಟ್ಟೆ ಬಲಪಟ್ಟೆ ಒಟ್ಟಿಗೇ ಮರಳು ಕಚ್ಚಿದವು. ದೊಡ್ಡ ದೋಣಿ ಮೊದಲು ನಡುಗಿ, ಆಮೇಲೆ ಇಂಚಿಂಚಾಗಿ, ಆಮೇಲೆ ಸರಸರನೆ ಮೇಲೇರಿತು. ಯಜಮಾನ ಅದರ ಮೈ ತಟ್ಟುತ್ತ ಜೊತೆಜೊತೆಗೇ ನಡೆದ. ಅವನ ಕಣ್ಣು ತುಂಬಿತ್ತು. ಅತ್ತಿಗೆ ಪಟ್ಟೆಯ ಪಕ್ಕ ಬಗ್ಗಿ, ಗೇರಿನ ಸದ್ದಿಗೆ ಕಿವಿಗೊಟ್ಟು, ಹುಡುಗಿಯಂತೆ ನಗುತ್ತಿದ್ದಳು.

ಮೇಲೆ ತಲುಪಿದ ಮೇಲೂ ಸೋದರಮಾವ ಇಳಿಯಲಿಲ್ಲ. ಟ್ರ್ಯಾಕ್ಟರನ್ನು ನಿಂತಲ್ಲೇ ತಿರುಗಿಸಿ, ನೀರಿನ ಕಡೆ ಮುಖ ಮಾಡಿ ಕೂಗಿದರು: "ಮುಂದಿಂದು ಯಾರ್ದ್ರಪ್ಪಾ? ಹಗ್ಗ ತನ್ನಿ."